ಪಟಗೋನಿಯಾದಲ್ಲಿರುವ ನನ್ನ ತಮ್ಮ ಮತ್ತು ಹದಿನಾಲ್ಕನೆಯ ಪ್ರಶ್ನೆ

ಸಂಶೋಧನಾ ಪ್ರಶ್ನಾವಳಿಯ ಮೂರನೆಯ ಪುಟದಲ್ಲಿ, ಆಸ್ತಮಾ ಮತ್ತು ಕಟ್ಟಿಸಿದ ಹಲ್ಲುಗಳ ನಡುವೆ ವಾಸವಾಗಿರುವ ಮಾನ್ಯ ಹದಿನಾಲ್ಕನೆಯ ಪ್ರಶ್ನೆಯವರ ಸನ್ನಿಧಿಗೆ,

ಮಾನ್ಯರೇ,

ಈ ಕಣಿವೆಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ ನಿವೃತ್ತಳಾದ ನೆಸ್ಟಾ ಪ್ರಿದರ್ಕ್ ಎಂಬ ನಾನು, ನಮ್ಮ ಊರಿನ ಮಾಸಪತ್ರಿಕೆಯ ಮೂಲಕ ತಮಗೆ ಸವಿನಯ ವಂದನೆಗಳನ್ನು ಸಲ್ಲಿಸುತ್ತೇನೆ. ತಾವು ಕ್ಷೇಮವಾಗಿದ್ದೀರೆಂದು ನಂಬುತ್ತೇನೆ. ಎರಡೇ ಚೌಕಗಳ ಮನೆಯಲ್ಲಿ ಅಷ್ಟು ದೊಡ್ಡ ವಿಷಯವನ್ನಿಟ್ಟುಕೊಂಡು ಬದುಕುವವರ ಕ್ಷೇಮವನ್ನು ಯಾರಾದರೂ ವಿಚಾರಿಸಲೇಬೇಕು. "ನಿಮ್ಮ ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಯಾರಿಗಾದರೂ ತೀವ್ರವಾದ ಮಾನಸಿಕ ಕಾಯಿಲೆ ಇತ್ತೆ, ಅಥವಾ ಇದೆಯೆ?" ಎಂದು ತಾವು ಕೇಳುತ್ತೀರಿ. ಆ ಪ್ರಶ್ನಾವಳಿಯಲ್ಲಿ ನಾನು ಹನ್ನೊಂದು ದೋಷಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕಳುಹಿಸಿದ್ದೇನೆ. ತಮ್ಮ ವಾಕ್ಯದಲ್ಲಿ ಒಂದೂ ಸಿಗಲಿಲ್ಲ. ಇದನ್ನು ಪ್ರಶಂಸೆಯೆಂದೇ ಸ್ವೀಕರಿಸಬೇಕು. ಆ ಇಡೀ ಕಾಗದದಲ್ಲಿ ಉಳಿದ ಒಂದೇ ತಪ್ಪು ತಮ್ಮ ಮುಂದಿನ ಚೌಕದಲ್ಲಿತ್ತು, ಮತ್ತು ಅದು ನನ್ನದು.

ನಮ್ಮಿಬ್ಬರ ಪರಿಚಯವಾದದ್ದು ಹೇಗೆಂದು ಓದುಗರಿಗೆ ತಿಳಿಸುವುದು ನನ್ನ ಕರ್ತವ್ಯ. ನನ್ನ ಹಳೆಯ ವಿದ್ಯಾರ್ಥಿನಿ ಹೆಲೆದ್, ಈಗ ಕಾರ್ಡಿಫ್‌ನಲ್ಲಿ ಡಾಕ್ಟರೇಟ್ ಮಾಡುತ್ತಿರುವವಳು, ಕಳೆದ ವಸಂತದಲ್ಲಿ ನಮ್ಮ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಗೆ ಬಂದು, ಚಹಾ ಕುಡಿಯುತ್ತಿದ್ದ ಹಿರಿಯ ಹೆಂಗಸರ ಮುಂದೆ ತನ್ನ ಕೆಲಸವನ್ನು ವಿವರಿಸಿದಳು. ಇಲ್ಲದ ದನಿಗಳನ್ನು ಕೇಳಿಸುವ, ಇಲ್ಲದ್ದನ್ನು ಇದೆಯೆಂದು ನಂಬಿಸುವ ಸೈಕೋಸಿಸ್ ಎಂಬ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯ ಕೈವಾಡವೆಷ್ಟು ಎಂಬುದು ಅವಳ ವಿಷಯ. "ಕುರಿ ಕಾಯೋ ನಾಯಿ ಇರತ್ತಲ್ಲ, ಅದು ನರಿ ಓಡಿಹೋದ್ಮೇಲೂ ಬೊಗಳೋದು ನಿಲ್ಲಿಸ್ದೆ, ಕೊನೆಗೆ ಕುರಿಗೇ ಬಾಯಿ ಹಾಕ್ಬಿಟ್ರೆ? ಅಂಥದ್ದೇನೋ ಕೆಲವರ ತಲೇಲಿ ಆಗ್ತಿದ್ಯಾ ಅಂತ ನೋಡ್ತಿದೀನಿ," ಎಂದಳು. ಅರವತ್ತು ದಾಟಿದ ರೋಗಿಗಳ ರಕ್ತದ ಪಕ್ಕದಲ್ಲಿಟ್ಟು ಹೋಲಿಸಲು, ಅದೇ ವಯಸ್ಸಿನ, ಯಾವ ಉರಿಯೂತವೂ ಇಲ್ಲದ, ಮನೆಯಲ್ಲಿ ಆ ಕಾಯಿಲೆಯೂ ಇಲ್ಲದ ಆರೋಗ್ಯವಂತರ ರಕ್ತ ಅವಳಿಗೆ ಬೇಕಿತ್ತು.

ಹನ್ನೆರಡು ಹೆಂಗಸರು ಹೆಸರು ಕೊಟ್ಟರು. ಮೊಣಕಾಲಿನ ಸಂಧಿವಾತ, ವಸಡಿನ ಬಾವು, ಹಿಂದಿನ ವಾರ ಹಾಕಿಸಿಕೊಂಡ ಲಸಿಕೆ, ನೆಗಡಿ ಎಂಬ ಕಾರಣಗಳಿಗೆ ಹನ್ನೊಂದು ಮಂದಿ ತೇರ್ಗಡೆಯಾಗಲಿಲ್ಲ. ಉಳಿದವಳು ನಾನು. ನನ್ನ ನೆರೆಯವಳಾದ ಶ್ರೀಮತಿ ಪೆನ್ರಿ, ಮೊಣಕಾಲಿನಿಂದಾಗಿ ಅನುತ್ತೀರ್ಣಳಾದವಳು, ಒಣದ್ರಾಕ್ಷಿ ಹಾಕಿದ ಬಾರಾ ಬ್ರಿತ್ ರೊಟ್ಟಿಗೆ ಬೆಣ್ಣೆ ಸವರುತ್ತಾ, "ನೆಸ್ಟಾ ವಿಷಯ ಬಿಡಮ್ಮ, ಅವಳು ರಕ್ತಾನೂ ಇಸ್ತ್ರಿ ಮಾಡಿ ಮಡಚಿಟ್ಟಿರ್ತಾಳೆ," ಎಂದಳು. ನಾನದನ್ನು ನಿರಾಕರಿಸಲಿಲ್ಲ. ಆ ಹೆಮ್ಮೆಯಲ್ಲೇ ತಮ್ಮವರೆಗೆ ತಲುಪಿ, ಲೇಖನಿಯನ್ನು ಎತ್ತದೆ "ಇಲ್ಲ" ಎಂಬ ಚೌಕದಲ್ಲಿ ಗುರುತು ಹಾಕಿದೆ. ನಲವತ್ತಾರು ವರ್ಷ ಅಭ್ಯಾಸ ಮಾಡಿದ ಉತ್ತರಕ್ಕೆ ಯೋಚನೆ ಬೇಕಾಗುವುದಿಲ್ಲ.

ನನಗೊಬ್ಬ ತಮ್ಮನಿದ್ದಾನೆ, ಇಥೆಲ್. ಪಟಗೋನಿಯಾದಲ್ಲಿ ಕುರಿ ಸಾಕುತ್ತಿದ್ದಾನೆಂಬುದು ಇಡೀ ಕಣಿವೆಗೆ ಗೊತ್ತು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವನಿಗೆ ಕಡುಜ್ವರ ಬಂತು. ಜ್ವರ ಬಿಟ್ಟ ಮೂರನೆಯ ವಾರ, ಪ್ರಾರ್ಥನಾ ಮಂದಿರದ ಆರ್ಗನ್ ವಾದ್ಯ ತನ್ನನ್ನು ಹೆಸರು ಹಿಡಿದು ಬೈಯುತ್ತಿದೆ ಎಂದ. ಅವನನ್ನು ಗುಡ್ಡದ ಮೇಲಿನ ಕಲ್ಲಿನ ಆಸ್ಪತ್ರೆಗೆ ಸೇರಿಸಿದೆವು, ಮತ್ತು ಮುಂದಿನ ಭಾನುವಾರ ನಮ್ಮ ತಾಯಿ ಹೊಸ ಟೋಪಿ ಧರಿಸಿ ಬಂದು, ಇಥೆಲ್ ಪಟಗೋನಿಯಾಕ್ಕೆ ಹೋದನೆಂದು ಪಾದ್ರಿಗಳಿಗೆ ಹೇಳಿದಳು. ನಮ್ಮವರು ಹಿಂದೊಮ್ಮೆ ಹಡಗು ಹತ್ತಿ ಹೋಗಿ ನೆಲೆಸಿದ ನಾಡು ಅದು. ಮರ್ಯಾದೆಯ ಜಾಗ, ಮತ್ತು ಯಾರೂ ಹೋಗಿ ನೋಡಿಬರಲಾಗದಷ್ಟು ದೂರ. ಕಲ್ಲಿನ ಆಸ್ಪತ್ರೆ ಮುಚ್ಚಿದ ಮೇಲೆ ಇಥೆಲ್ ಇಲ್ಲಿಂದ ಹನ್ನೊಂದು ಮೈಲಿ ದೂರದ ಆರೈಕೆ ಮನೆಯಲ್ಲಿದ್ದಾನೆ. ಪ್ರತಿ ಗುರುವಾರ ನಾನು ಗಾಯನ ತರಬೇತಿಗೆಂದು ಹೇಳಿ ಹೋಗುವುದು ಅಲ್ಲಿಗೆ. ನನ್ನ ದನಿ ಇಷ್ಟು ವರ್ಷಗಳಲ್ಲಿ ಏಕೆ ಸುಧಾರಿಸಲಿಲ್ಲ ಎಂಬ ಊರಿನವರ ಅಚ್ಚರಿಗೂ ಇದೇ ಉತ್ತರ.

ಸುಳ್ಳನ್ನು ಅಚ್ಚುಕಟ್ಟಾಗಿ ಇಡುವುದು ನನ್ನ ಸ್ವಭಾವವಾದ್ದರಿಂದ, ಅದನ್ನು ಭೂಗೋಳದ ಪಾಠಕ್ಕೂ ಬಳಸಿದೆ. ಮಕ್ಕಳಿಂದ ಇಥೆಲ್ ಮಾಮನಿಗೆ ಕಾಗದ ಬರೆಸಿದೆ. ಅವನು ಆರೈಕೆ ಮನೆಯ ಕಿಟಕಿಯ ಬಳಿ ಕುಳಿತು, ಗಾಳಿಯ ಬಗ್ಗೆಯೂ ಕುರಿಗಳ ಹಟದ ಬಗ್ಗೆಯೂ ಒಂದು ತಪ್ಪಿಲ್ಲದೆ ಉತ್ತರ ಬರೆದ. ಒಂಬತ್ತು ವರ್ಷದ ಹೆಲೆದ್, ಅಷ್ಟು ದೂರದಲ್ಲಿ ಒಬ್ಬರೇ ಇರಲು ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಳು. "ಗುರುವಾರಗಳಂದು ಆಗುವುದಿಲ್ಲ" ಎಂಬುದು ಅವನ ಉತ್ತರವಾಗಿತ್ತು.

ಮಾನ್ಯರೇ, ಹೋದ ತಿಂಗಳ ಒಂದು ಮಂಗಳವಾರ ಹೆಲೆದ್ ನನ್ನ ಮನೆಗೆ ಬಂದು, ಕೋಟನ್ನೂ ತೆಗೆಯದೆ ಕುಳಿತು ಅಳತೊಡಗಿದಳು. ಆರೋಗ್ಯವಂತರ ಸಾಲಿನಲ್ಲಿದ್ದ ನನ್ನ ರಕ್ತ ರೋಗಿಗಳ ರಕ್ತದಂತೆ ವರ್ತಿಸಿತ್ತು. ಎರಡನೆಯ ಸಲ ಅಳೆದಾಗಲೂ ಅಷ್ಟೇ. ಆರು ವಾರ ಅವಳು ಯಂತ್ರವನ್ನು, ರಾಸಾಯನಿಕಗಳನ್ನು, ಶೀತಲ ಪೆಟ್ಟಿಗೆಯನ್ನು, ತನ್ನ ಕೈಗಳನ್ನು ಅನುಮಾನಿಸಿದ್ದಳು. "ಆ ಸರದಿ ಪೂರ್ತಿ ಕೆಟ್ಟಿದೆ ಮಿಸ್. ನಲವತ್ತು ಜನರ ರಕ್ತ ಒಟ್ಟಿಗೇ ಅಳೆದಿದ್ದು. ಸೋಮವಾರ ಎಲ್ಲಾ ಎಸೀತೀನಿ. ಅದ್ರಲ್ಲಿ ಆರು ಜನ ಇನ್ನೊಂದ್ಸಲ ಕೊಡೋಕೆ ಬದುಕಿಲ್ಲ." ಯಾರಾದರೂ ಪ್ರಶ್ನಾವಳಿಯಲ್ಲಿ ತಪ್ಪು ಬರೆದಿರಬಹುದಲ್ಲವೇ ಎಂದು ನಾನು ಕೇಳಿದೆ. ಅವಳು ಅಳುವುದನ್ನು ನಿಲ್ಲಿಸಿ ನಕ್ಕಳು. "ಬೇರೆಯವರಾಗಿದ್ರೆ ಮೊದ್ಲು ಅದನ್ನೇ ನೋಡ್ತಿದ್ದೆ. ಇದು ನಿಮ್ಮದು ಮಿಸ್. ಯಂತ್ರ ತಪ್ಪು ಮಾಡತ್ತೆ, ನೀವು ಮಾಡಲ್ಲ."

ನಾನು ಆಕೆಗೆ ಎರಡು ತುಂಡು ರೊಟ್ಟಿ ಕಟ್ಟಿಕೊಟ್ಟು ಕಳುಹಿಸಿದೆ. ಅಂದು ನಾನು ಮಾಡಿದ್ದು ಅಷ್ಟೇ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಗುರುವಾರ ಇಥೆಲ್‌ಗೆ ಎಲ್ಲವನ್ನೂ ಹೇಳಿ, ಅವನ ಹೆಸರನ್ನು ಬಳಸಲು ಅನುಮತಿ ಕೇಳಿದೆ. ಅವನು ತನ್ನ ಚಹಾವನ್ನು ಕಲಕುತ್ತಾ, "ನಲವತ್ತಾರು ವರ್ಷ ಕುರಿ ಕಾಯಿಸ್ದೆ ನೆಸ್ಟಾ, ಒಂದು ಕುರೀನಾದ್ರೂ ತೋರ್ಸಿದ್ಯಾ?" ಎಂದ. ಬಳಿಕ, "ಆ ಹುಡುಗಿಗೆ ಹೇಳು, ಹಡಗು ಬಂತು ಅಂತ," ಎಂದ.

ಶುಕ್ರವಾರ ಬಸ್ಸು ಹಿಡಿದು ಹೋಗಿ, ಪ್ರಯೋಗಾಲಯದ ಬಾಗಿಲಲ್ಲಿ ನಿಂತೇ ಹೆಲೆದ್‌ಗೆ ಹೇಳಿದೆ. ಅವಳು ನನ್ನ ಹಾಳೆಯನ್ನು ಹುಡುಕಿ ತೆಗೆದು, ನನಗೊಂದು ಕೆಂಪು ಲೇಖನಿ ಕೊಟ್ಟಳು. ನಾನು ತಿದ್ದಿದೆ. ಅವಳು ಮೊದಲು ಕೇಳಿದ್ದು ರಕ್ತದ ಬಗ್ಗೆಯಲ್ಲ, ಒಂಬತ್ತು ವರ್ಷದವಳಿದ್ದಾಗ ತನಗೆ ಬಂದ ಆ ಉತ್ತರದ ಬಗ್ಗೆ. "ಗುರುವಾರ ಅಂದ್ರೆ... ನೀವು ಹೋಗ್ತಿದ್ದ ದಿನಾನಾ ಮಿಸ್?"

ತಪ್ಪು ಯಂತ್ರದ್ದಲ್ಲ, ನನ್ನದು ಎಂದಾದ ಮೇಲೆ ನಲವತ್ತು ಜನರ ರಕ್ತ ಉಳಿಯಿತು. ಒಬ್ಬ ಮುದುಕಿಯ ರಕ್ತದಿಂದ ಏನೂ ಸಾಬೀತಾಗುವುದಿಲ್ಲವೆಂದೂ, ಆ ಜ್ವರಕ್ಕೂ ಆರ್ಗನ್ನಿನ ಬೈಗುಳಕ್ಕೂ ಸಂಬಂಧವಿದೆಯೆಂದು ಈಗಲೇ ಹೇಳಲಾಗದೆಂದೂ ಹೆಲೆದ್ ಖಂಡಿತವಾಗಿ ಹೇಳಿದ್ದಾಳೆ. ನಾನು ಕಲಿಸಿದ ಹುಡುಗಿ. ನನ್ನನ್ನು ಆರೋಗ್ಯವಂತರ ಪಟ್ಟಿಯಿಂದ ಹೊರಹಾಕಲಾಗಿದೆ. ಶ್ರೀಮತಿ ಪೆನ್ರಿ ಇನ್ನು ತನ್ನ ಮೊಣಕಾಲನ್ನು ಧಾರಾಳವಾಗಿ ನನ್ನ ಪಕ್ಕದಲ್ಲಿ ಚಾಚಿ ಕೂರಬಹುದು.

ಇಷ್ಟಾಗಿ, ತಮ್ಮಲ್ಲಿ ನನ್ನ ಬಿನ್ನಹಗಳಿವೆ. ಮುಂದಿನ ಸಲ ತಾವು ನಲವತ್ತಾರು ವರ್ಷ ಮೊದಲೇ ದಯಮಾಡಿಸಬೇಕು, ನಮ್ಮ ತಾಯಿ ಟೋಪಿ ಕೊಳ್ಳುವುದಕ್ಕೆ ಮುಂಚೆ. ಬರುವಾಗ ಆಸ್ತಮಾವನ್ನೂ ಹಲ್ಲುಗಳನ್ನೂ ಬಾಗಿಲಾಚೆ ನಿಲ್ಲಿಸಿ, ತಾವೊಬ್ಬರೇ ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂರಬೇಕು. "ಹೌದು", "ಇಲ್ಲ"ಗಳ ಜೊತೆಗೆ "ಪಟಗೋನಿಯಾ" ಎಂಬ ಮೂರನೆಯ ಚೌಕವನ್ನೂ ಇಡಬೇಕು. ಈ ಕಣಿವೆಯಲ್ಲಿ ಅದನ್ನು ತುಂಬುವ ಮನೆಗಳು ತಾವು ಎಣಿಸಿರುವುದಕ್ಕಿಂತ ಹೆಚ್ಚಿವೆ. ಇವು ಅಸಾಧ್ಯವಾದರೆ, ಉತ್ತರಕ್ಕೆ ಒಂದು ಗೆರೆಯಷ್ಟು ಜಾಗವನ್ನಾದರೂ ಬಿಡಬೇಕು. ಅವನ ಹೆಸರು ಬರೆಯಲು ಅಷ್ಟು ಸಾಕು.

ತಡವಾಗಿಯಾದರೂ ಸರಿಯುತ್ತರ ಬರೆದ,
ತಮ್ಮ ವಿಶ್ವಾಸಿ,
ನೆಸ್ಟಾ ಪ್ರಿದರ್ಕ್

ಮರೆತ ಮಾತು: ಇದನ್ನೋದಿ "ನಮಗೆ ಮೊದಲೇ ಗೊತ್ತಿತ್ತು" ಎನ್ನಲಿರುವ ನೆರೆಹೊರೆಯವರ ಗಮನಕ್ಕೆ: ಆರೈಕೆ ಮನೆಯ ಭೇಟಿಯ ಸಮಯ ಗುರುವಾರ ಸಂಜೆ ಐದರಿಂದ ಏಳು. ಗೊತ್ತಿದ್ದೂ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಾರದವರ ಹೆಸರುಗಳನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ.