ಡೆಲ್ಮರನ ತಲೆ ಎಣಿಕೆ

ಯೂಟಾ ಸೀಮೆಯ ತೆಂಕಣ ಮರಳುಗಾಡಿನಲ್ಲಿ ಡೆಲ್ಮರ್ ಹೋಲ್ಟ್‌ನಂತೆ ತಲೆ ಎಣಿಸುವವನು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವನು. ಮಕ್ಕಳು ಹತ್ತುವಾಗ ಎಣಿಸುತ್ತಿದ್ದ, ಇಳಿಯುವಾಗ ಎಣಿಸುತ್ತಿದ್ದ, ಊರಿಗಿದ್ದ ಒಂದೇ ಒಂದು ಕೆಂಪು ದೀಪಕ್ಕೆ ನಿಂತಾಗ ಕೈ ತುರಿಸುತ್ತದೆಂದು ಇನ್ನೊಂದು ಸುತ್ತು ಎಣಿಸುತ್ತಿದ್ದ. ಒಂದು ಮಗುವನ್ನೂ ಎಲ್ಲಿಯೂ ಬಿಟ್ಟು ಬಂದವನಲ್ಲ. ನಿವೃತ್ತನಾದ ಮೇಲೂ ಚಟ ಬಿಡಲಿಲ್ಲ. ಮದುವೆಗೆ ಹೋದರೆ ಮದುಮಗಳ ಕೈ ಕುಲುಕಿ "ನೂರಾ ಹದಿನಾಲ್ಕು" ಎನ್ನುತ್ತಿದ್ದ. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸತೊಡಗಿದರೆ ಇವನಿಗೆ ಸುಗ್ಗಿ. ಯಾರೂ ಅಲುಗಾಡುವುದಿಲ್ಲವಲ್ಲ.

ಇಂಥ ಮಹಾಪುರುಷನ ಮನೆಯಲ್ಲಿ ಈಗ ಎಣಿಸಲು ಉಳಿದಿದ್ದುದು ಎರಡೇ ತಲೆ. ಒಂದು ತನ್ನದು, ಇನ್ನೊಂದು ಮೇಜರ್ ಎಂಬ ಹತ್ತು ವರ್ಷದ ನಾಯಿಯದು. ಹೆಂಡತಿ ರೋವೀನಾ ಮಂಡಿನೋವಿನ ಚಿಕಿತ್ಸೆಗೆಂದು ಜೂನ್‌ನಲ್ಲಿ ಸೇಂಟ್ ಜಾರ್ಜ್ ಪಟ್ಟಣದಲ್ಲಿರುವ ತಂಗಿಯ ಮನೆಗೆ ಹೋದವಳು, ಹದಿನೈದೇ ದಿನಕ್ಕೆಂದು. ಮಂಡಿ ಜುಲೈನಲ್ಲಿ ವಾಸಿಯಾಯಿತು. ಈಗ ಅಕ್ಟೋಬರ್. ಬಾ ಎಂದು ಇವನು ಕರೆಯಲಿಲ್ಲ, ಬರುತ್ತೇನೆ ಎಂದು ಅವಳು ಅನ್ನಲಿಲ್ಲ. ಭಾನುವಾರಕ್ಕೊಮ್ಮೆ ಫೋನಿನಲ್ಲಿ ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು.

ಮದುವೆಯಾದ ದಿನ ಅಕ್ಟೋಬರಿನಲ್ಲೇ ಬರುತ್ತಿತ್ತು. ಇಪ್ಪತ್ತೆಂಟು ವರ್ಷ ಆ ದಿನ ಗಂಡ ಹೆಂಡತಿ ಬೆನ್ನಿಗೆ ಚೀಲ ಏರಿಸಿ ತೊಟ್ಟಿಲು ಕಣಿವೆಗೆ ಇಳಿದು, ಬಂಡೆಯ ಮರೆಯಲ್ಲಿರುವ ಪುರಾತನರ ಪಾಳುಮನೆಗಳ ಕೆಳಗೆ ಒಂದು ರಾತ್ರಿ ಕಳೆದು ಬರುತ್ತಿದ್ದರು.

"ಈ ಸಲ ಕಣಿವೆಗೆ ಹೋಗಲ್ವಾ?" ಎಂದು ಭಾನುವಾರದ ಫೋನಿನಲ್ಲಿ ಕೇಳಿದಳು ರೋವೀನಾ.

"ಯಾಕೆ ಹೋಗಲ್ಲ? ನಾನು, ಮೇಜರ್ ಹೋಗ್ತೀವಿ."

"ಬೇಕಾದ್ರೆ ನಾನು..."

"ಏನೂ ಬೇಡ. ನೀನಿಲ್ದಿದ್ರೆ ಚೀಲ ಅರ್ಧ ಹಗುರ. ಎರಡು ಗಂಟೆ ಮೊದಲೇ ಮುಟ್ತೀನಿ, ನೋಡ್ತಿರು."

"ಇಲ್ಲಿ ಒಳ್ಳೆ ಬಿಸಿಲಿದೆ," ಎಂದಳು.

"ಇಲ್ಲೂ ಇದೆ," ಎಂದು ಡೆಲ್ಮರ್ ವಿಜಯಶಾಲಿಯಾಗಿ ಫೋನಿಟ್ಟ.

ಕಣಿವೆಯ ಬಾಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಪುಸ್ತಕ. ಇಳಿಯುವವರು ಹೆಸರು, ತಲೆಗಳೆಷ್ಟು, ಹಿಂತಿರುಗುವ ಹೊತ್ತು, ತುರ್ತಿಗೆ ಒಂದು ಫೋನ್ ನಂಬರ್, ಎಲ್ಲ ಬರೆಯಬೇಕು. ಹೇಳಿದ ಹೊತ್ತಿಗೆ ಮೇಲೆ ಬರದಿದ್ದರೆ ಹುಡುಕುವವರು ಹೊರಡುತ್ತಾರೆ. ಇಪ್ಪತ್ತೆಂಟು ವರ್ಷ ಅದೇ ಪುಸ್ತಕ ತುಂಬಿದ ಕೈ. ಮೇಜರ್ ಹಗ್ಗ ಜಗ್ಗುತ್ತಿರುವಾಗಲೇ ಡೆಲ್ಮರ್ ಸರಸರನೆ ಗೀಚಿ ಮುಚ್ಚಳ ಹಾಕಿದ.

ಊಟದ ಹೊಣೆಯನ್ನು ಮೇಜರ್‌ನ ಬೆನ್ನಿಗೇ ಹೊರಿಸಿದ್ದ. ನಾಯಿಗೆಂದೇ ಹೊಲಿದ ಜೋಳಿಗೆ, ಎರಡು ಪಕ್ಕಕ್ಕೆ ಎರಡು ಚೀಲ. ಎಡಕ್ಕೆ ನಾಯಿಯ ತಿಂಡಿ, ಬಲಕ್ಕೆ ನೀರು ಹಾಕಿದರೆ ಪಲ್ಯವಾಗುವ ಒಣ ಆಲೂಗಡ್ಡೆ ಪುಡಿ. ದಾರಿಯಲ್ಲಿ ಬಂಡೆಯ ಗುಳಿಯೊಂದರಲ್ಲಿ ನೀರು ನಿಂತಿತ್ತು. ಮೈಲಿಗಟ್ಟಲೆ ನೀರಿಲ್ಲದ ನಾಡಿನಲ್ಲಿ ಇಂಥ ಭಾಗ್ಯವನ್ನು ಬಿಡುವ ನಾಯಿ ಯಾವುದು? ಮೇಜರ್ ಗಂಭೀರವಾಗಿ ಇಳಿದು ಕುತ್ತಿಗೆಯವರೆಗೆ ಮುಳುಗಿ ಕುಳಿತ.

ಅರ್ಧ ಗಂಟೆಯೊಳಗೆ ಮೇಜರ್ ಬಲಗಡೆಗೆ ಊದತೊಡಗಿದ. ಡೆಲ್ಮರ್ ಮೊದಲು ಹಾವು ಕಚ್ಚಿತೆಂದುಕೊಂಡ. ನೋಡಿದರೆ ಚೀಲದ ಹೊಲಿಗೆಯಿಂದ ಬೆಳ್ಳನೆಯ ಆಲೂಗಡ್ಡೆ ಉಕ್ಕುತ್ತಿತ್ತು. ತನ್ನ ಪಕ್ಕೆಯಿಂದಲೇ ಊಟ ಹುಟ್ಟುತ್ತಿದೆಯೆಂಬ ಸತ್ಯ ಮೇಜರ್‌ಗೂ ಹೊಳೆಯಿತು. ಅಲ್ಲಿಂದ ಮುಂದಿನ ಪ್ರಯಾಣವನ್ನೆಲ್ಲ ಅವನು ತನ್ನನ್ನೇ ಸುತ್ತುತ್ತ, ನೆಕ್ಕುತ್ತ ಮುಗಿಸಿದ. ಇಬ್ಬರಿಗೆ ಎರಡು ಹೊತ್ತಿಗಾಗುವ ಆಲೂಗಡ್ಡೆ. ಒಬ್ಬನೇ ಹೊರಟವನು ಇಬ್ಬರಿಗೇಕೆ ಕಟ್ಟಿಕೊಂಡಿದ್ದನೆಂದು ಯಾರೂ ಕೇಳಲಿಲ್ಲ. ಕೇಳುವವರು ಸೇಂಟ್ ಜಾರ್ಜ್‌ನಲ್ಲಿದ್ದರು.

ಹೊತ್ತಿಳಿಯುವ ಮುಂಚೆ ಪಾಳುಮನೆಗಳು ಕಂಡವು. ಕಲ್ಲುಗೋಡೆ, ಮಸಿ ಹಿಡಿದ ಬಂಡೆಯ ಸೂರು, ಮಣ್ಣಿನ ಗಾರೆಯ ಮೇಲೆ ಸಾವಿರ ವರ್ಷದ ಹಿಂದೆ ಯಾರೋ ಒತ್ತಿದ ಹೆಬ್ಬೆರಳ ಗುರುತು. ಇಲ್ಲಿ ರೋವೀನಾಳದೊಂದು ಪದ್ಧತಿಯಿತ್ತು. ಕೆಳಗೇ ನಿಂತು, "ಮನೇಲಿದ್ದೀರಾ? ನಾವಿಬ್ರೇ ಬಂದಿರೋದು, ಬರಬಹುದಾ?" ಎಂದು ಕೂಗಿ ಕೇಳದೆ ಅವಳು ಹತ್ತುತ್ತಿರಲಿಲ್ಲ. ಡೆಲ್ಮರ್ ಪ್ರತಿ ಸಲ ನಗುತ್ತಿದ್ದ.

ಈಗ ಮೇಜರ್‌ನನ್ನು ಮರಕ್ಕೆ ಕಟ್ಟಿ ಗಂಟಲು ಸರಿಮಾಡಿಕೊಂಡ. "ಮನೇಲಿದ್ದೀರಾ? ನಾವಿಬ್ರೇ..." ಎಂದವನು ನಿಲ್ಲಿಸಿ, "ನಾನು ಬಂದಿದ್ದೀನಿ," ಎಂದ.

"ಬಂದಿದ್ದೀನಿ," ಎಂದಿತು ಬಂಡೆ.

ಹತ್ತಿ ನೋಡಿದ. ಕೋಣೆಗಳು ಏಳು. ತಲೆಗಳು? ಜೀವಮಾನದಲ್ಲಿ ಮೊದಲ ಸಲ ಅವನ ಎಣಿಕೆ ಸೊನ್ನೆಯಿಂದ ಮೇಲಕ್ಕೇಳಲಿಲ್ಲ. ಕೆಳಗಿಳಿದು ಚೀಲ ಬಿಚ್ಚಿದರೆ ಎರಡು ಲೋಟ ಬಂದವು, ಎರಡು ಚಮಚ ಬಂದವು, ತಳದಲ್ಲಿ ರೋವೀನಾಳ ಕೆಂಪು ಹೂವಿನ ಮಳೆಕೋಟೂ ಬಂತು. ಎರಡನೆಯ ಲೋಟಕ್ಕೆ ನೀರು ಬಗ್ಗಿಸಿ ಮೇಜರ್‌ನ ಮುಂದಿಟ್ಟ. ಮೇಜರ್ ಮುಟ್ಟಲಿಲ್ಲ. ಬಂದ ದಾರಿಯನ್ನೇ ನೋಡುತ್ತ ಕುಳಿತ, ಹಿಂದೆ ಇನ್ನೊಬ್ಬರು ಬರುವುದಿದೆ ಎಂಬಂತೆ.

"ನೋಡ್ಬೇಡ, ಯಾರೂ ಬರಲ್ಲ," ಎಂದ ಡೆಲ್ಮರ್. ಹೇಳಿ ತಾನೂ ನೋಡಿದ.

ಬೆಳಗ್ಗೆ ಮೇಜರ್ ಏಳಲೊಲ್ಲ. ಹೊಟ್ಟೆ ನಗಾರಿಯಾಗಿತ್ತು, ಮುಖದಲ್ಲಿ ಆಲೂಗಡ್ಡೆಯ ಮೇಲೆ ಆಳವಾದ ವೈರಾಗ್ಯ. ಬೇರೆ ದಾರಿ ಕಾಣದೆ ಡೆಲ್ಮರ್ ಐವತ್ತು ಪೌಂಡಿನ ಆ ಸೇನಾಧಿಕಾರಿಯನ್ನು ಮಳೆಕೋಟಿನಲ್ಲಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡ. ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತೇನೆಂದು ಬರೆದವನು ಕಣಿವೆಯ ಬಾಯಿ ಮುಟ್ಟಿದಾಗ ನಾಲ್ಕು ಗಂಟೆ.

ಅಲ್ಲಿ ಗ್ಲೆಂಡಾ ಎಂಬ ಹೆಂಗಸು ಪುಸ್ತಕ ಹಿಡಿದು ಕಾಯುತ್ತಿದ್ದಳು. ಪಕ್ಕದ ಇಡಾಹೋ ಸೀಮೆಯಿಂದ ಹೊಸದಾಗಿ ಬಂದ ಕಾವಲಿನ ಸ್ವಯಂಸೇವಕಿ. ತೂರಾಡುತ್ತ ಬರುವ ಗಂಡಸು, ಅವನ ಹೆಗಲ ಮೇಲೆ ಜೋತುಬಿದ್ದ ಕೆಂಪು ಹೂವಿನ ಕೋಟು ಕಂಡದ್ದೇ ನೀರಿನ ಬಾಟಲಿ ಹಿಡಿದು ಓಡಿ ಬಂದಳು.

"ಅಯ್ಯೋ ದೇವರೇ, ಉಸಿರಿದೆಯಾ?"

"ಇದೆ. ಆಲೂಗಡ್ಡೆ ಜಾಸ್ತಿಯಾಯ್ತು."

ಕೋಟಿನ ಟೋಪಿಯಿಂದ ಮೇಜರ್ ಮುಖ ಹೊರಹಾಕಿ ತೇಗಿದ. ಗ್ಲೆಂಡಾ ಎರಡು ಹೆಜ್ಜೆ ಹಿಂದೆ ಸರಿದಳು.

"ಇದು ನಾಯಿ. ರೋವೀನಾ ಎಲ್ಲಿ?"

"ನಿಮಗೆ ರೋವೀನಾ ಹೇಗೆ ಗೊತ್ತು?"

ಅವಳು ಪುಸ್ತಕ ತಿರುಗಿಸಿ ತೋರಿಸಿದಳು. ಮೇಲಿನ ಗೆರೆಯಲ್ಲಿ ಡೆಲ್ಮರ್ ಹೋಲ್ಟ್. ಕೆಳಗಿನ ಗೆರೆಯಲ್ಲಿ ರೋವೀನಾ ಹೋಲ್ಟ್. ತಲೆಗಳು ಎರಡು. ಅಕ್ಷರ ಅವನದೇ.

"ಎರಡನೆಯದು ನಾಯಿ ಲೆಕ್ಕ," ಎಂದು ತೊದಲಿದ.

"ನಾಯಿಗೆ ಪಕ್ಕದಲ್ಲೇ ಬೇರೆ ಜಾಗ ಇದೆ. ಅಲ್ಲೂ ಒಂದು ಅಂತ ಹಾಕಿದ್ದೀರಿ."

"ಅವಳು ಬಂದೇ ಇಲ್ಲ."

"ಪುಸ್ತಕದ ಪ್ರಕಾರ ಬಂದಿದ್ದಾರೆ, ವಾಪಸ್ ಬಂದಿಲ್ಲ. ನೋಡಿ, ನಿಮ್ಮಿಬ್ಬರ ಮಧ್ಯೆ ಜಗಳ ಗಿಗಳ ಏನಾದ್ರೂ..."

"ಜಗಳವೇನಿಲ್ಲ. ಹವಾಮಾನ ಮಾತಾಡ್ತೀವಿ."

ಗ್ಲೆಂಡಾಳ ಮುಖದ ಬಣ್ಣವೇ ಬದಲಾಯಿತು. ಅವನ ಮೇಲಿಟ್ಟ ಕಣ್ಣು ತೆಗೆಯದೆ, ಉಪಗ್ರಹದ ಫೋನಿನಲ್ಲಿ ಪುಸ್ತಕದ ತುರ್ತು ನಂಬರ್ ಒತ್ತಿದಳು.

"ಅಮ್ಮಾ, ಗಾಬರಿಯಾಗ್ಬೇಡಿ. ತೊಟ್ಟಿಲು ಕಣಿವೇಲಿ ರೋವೀನಾ ಹೋಲ್ಟ್ ಅನ್ನೋರು ಕಾಣೆಯಾಗಿದ್ದಾರೆ."

"ಯಾರು?" ಎಂದಿತು ಫೋನು. "ನಾನೇ ರೋವೀನಾ. ಸೇಂಟ್ ಜಾರ್ಜ್‌ನಲ್ಲಿ ಬಟ್ಟೆ ಮಡಿಸ್ತಾ ಕೂತಿದ್ದೀನಿ."

ಗ್ಲೆಂಡಾ ಪುಸ್ತಕದಲ್ಲಿದ್ದುದನ್ನೆಲ್ಲ ಓದಿ ಹೇಳಿದಳು. ರೋವೀನಾ ಪೂರ್ತಿ ಕೇಳಿಸಿಕೊಂಡಳು.

"ಅಲ್ಲಮ್ಮಾ, ನಾನು ಕಾಣೆಯಾಗಿ ನಾಲ್ಕು ತಿಂಗಳಾಯ್ತು. ಇವತ್ತು ಹುಡುಕೋಕೆ ಹೊರಟ್ರಾ? ಕೊಡಿ ಅವನ ಕೈಗೆ."

ಡೆಲ್ಮರ್ ಫೋನು ಹಿಡಿದ. ಅವಳ ದನಿ ಕೇಳಿ ಮೇಜರ್ ಹೆಗಲ ಮೇಲಿಂದಲೇ ಬಾಲ ಬಡಿದ, ಹಿಂದಿನ ದಿನದಿಂದ ಮೊದಲ ಸಲ.

"ಡೆಲ್ಮರ್, ಮೂವತ್ತೊಂದು ವರ್ಷ ತಲೆ ಎಣಿಸಿದೋನು ನೀನು. ಒಂದು ತಲೆಯನ್ನ ಎರಡು ಅಂತ ಹೇಗಯ್ಯಾ ಬರೆದೆ?"

ಬಿಸಿಲು ಕಣ್ಣಿಗೆ ಹೊಡೆಯಿತು ಎನ್ನೋಣವೇ? ಕನ್ನಡಕ ಮರೆತಿದ್ದೆ ಎನ್ನೋಣವೇ? ನಾಯಿ ಜಗ್ಗಿತು ಎನ್ನೋಣವೇ? ಗ್ಲೆಂಡಾ ಮರ್ಯಾದೆಗೆ ಮುಖವನ್ನು ಆಕಾಶದ ಕಡೆ ತಿರುಗಿಸಿ, ಕಿವಿಯನ್ನು ಮಾತ್ರ ಇಲ್ಲೇ ಬಿಟ್ಟಿದ್ದಳು.

"ಕೆಳಗಿನ ಗೆರೆ ಖಾಲಿ ಕಾಣ್ತಿತ್ತು," ಎಂದ ಡೆಲ್ಮರ್.