ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಟೇಪಣ್ಣ ಬೀರು ತೆರೆದ. ಮಡಿಸಿಟ್ಟ ಅಂಗಿಗಳ ನಡುವೆ ಇರಬೇಕಾಗಿದ್ದ ಹಳೆಯ ಪತ್ರಿಕೆಯ ಹಾಳೆ ಇರಲಿಲ್ಲ.

ಟೇಪಣ್ಣ ಅವನ ನಿಜವಾದ ಹೆಸರೇನಲ್ಲ. ದೊಡ್ಡ ಬಟ್ಟೆ ಅಂಗಡಿಯ ಟೈಲರ್ ಅವನು. ಅಳತೆಯ ಟೇಪು ಸದಾ ಕೊರಳಲ್ಲಿ ಜೋತುಬಿದ್ದಿರುತ್ತಿದ್ದುದರಿಂದ ಬಂದ ಹೆಸರು. ಅವನ ಅಪ್ಪನೂ ಅಲ್ಲಿಯೇ ಟೈಲರ್ ಆಗಿದ್ದರು. ಐವತ್ತು ವರ್ಷದ ಹಿಂದೆ ಅಂಗಡಿಯವರು ಪತ್ರಿಕೆಗೆ ಕೋಟಿನ ಜಾಹೀರಾತು ಕೊಡುವಾಗ, ಫೋಟೋಕ್ಕೆ ಬರಬೇಕಿದ್ದ ಸುಂದರಾಂಗ ಕೈಕೊಟ್ಟ. ಕೋಟು ಹೊಲಿದ ಅಪ್ಪನನ್ನೇ ಕೋಟಿನೊಳಗೆ ತೂರಿಸಿ ನಿಲ್ಲಿಸಿದರು. ಕೆಳಗೆ ದಪ್ಪ ಅಕ್ಷರದಲ್ಲಿ, "ಈ ಕೋಟು ತೊಟ್ಟವರನ್ನು ಯಾರೂ ಮರೆಯಲಾರರು!" ಅಪ್ಪ ಕೋಟು ತೊಟ್ಟದ್ದು ಅದೊಂದೇ ಸಲ, ಫೋಟೋ ತೆಗೆಸಿಕೊಂಡದ್ದೂ ಅದೊಂದೇ ಸಲ. ಅದರಲ್ಲಿ ಅವರ ಮುಖ ಹೆಬ್ಬೆರಳಿನ ಉಗುರಿನಷ್ಟು. ಆದರೂ ಅಪ್ಪ ತೀರಿಕೊಂಡ ಮೇಲೆ ಅಮ್ಮ ದಿನಾ ಬೆಳಗ್ಗೆ ಅದನ್ನು ತರಿಸಿಕೊಂಡು ನೋಡಲೇಬೇಕು. ಹಾಳೆಯ ಹಿಂದುಗಡೆ ಏನಿದೆಯೆಂದು ಮನೆಯಲ್ಲಿ ಯಾರೂ ತಿರುಗಿಸಿ ನೋಡಿದವರಲ್ಲ.

"ಒಂದು ಕಾಪಿ ಮಾಡಿಸಿಡ್ರೀ" ಎಂದು ಹೆಂಡತಿ ಹನ್ನೊಂದು ವರ್ಷದಿಂದ ಹೇಳುತ್ತಿದ್ದಳು. "ನಾಳೆ ಮಾಡಿಸೋಣ" ಎಂದು ಇವನೂ ಹನ್ನೊಂದು ವರ್ಷದಿಂದ ಹೇಳುತ್ತಿದ್ದ.

"ಲೋ, ನಿಮ್ಮಪ್ಪನ್ನ ಕೊಡೋ," ಅಮ್ಮ ಒಳಗಿನಿಂದ ಕೂಗಿದರು.

"ಕೊಡ್ತೀನಿ, ತಾಳಮ್ಮ."

ಹೆಂಡತಿ ಮನೆಯಲ್ಲಿರಲಿಲ್ಲ. ಮೇಲಿನ ಮನೆಯ ಅಕ್ಕ ಮಾತ್ರ ಮೆಟ್ಟಿಲ ಮೇಲೆ ಸಿದ್ಧವಾಗಿ ನಿಂತಿದ್ದರು. "ಹಳೇ ಪೇಪರ್ ಹುಡುಕ್ತಿದ್ದೀರಾ? ನಿಮ್ಮ ಮನೆಯವಳು ಆಗ್ಲೇ ಚೀಲಕ್ಕೆ ಹಾಕ್ಕೊಂಡು ಹೋದ್ಲು. ನಿಮ್ಮಂಗಡೀಲಿ ಹಳೇ ಜಾಹೀರಾತು ಕೊಟ್ಟೋರಿಗೆ ಬಟ್ಟೆ ಮೇಲೆ ರಿಯಾಯಿತಿ ಅಂತಲ್ಲ! ನಾನೂ ಮೂರು ಕೊಟ್ಟೆ."

ಅಂದು ಅಂಗಡಿಗೆ ಎಪ್ಪತ್ತೈದು ತುಂಬುತ್ತಿತ್ತು. ಹಳೆಯ ಜಾಹೀರಾತುಗಳನ್ನೆಲ್ಲ ಸೇರಿಸಿ ಒಂದು ಕಾಗದದ ಗೌನು ಮಾಡಬೇಕು, ಅದನ್ನು ತೊಟ್ಟು ತಮ್ಮ ಸೊಸೆ ಹನ್ನೊಂದು ಗಂಟೆಗೆ ಹೊಸ ಮಹಡಿಯ ಬಾಗಿಲು ತೆರೆಯಬೇಕು ಎಂಬುದು ಯಜಮಾನರ ಆಸೆ. ಗೌನು ಹೊಲಿದವನು ಟೇಪಣ್ಣನೇ. ಕೊನೆಯ ನೆರಿಗೆಯೊಂದನ್ನು ಮಾತ್ರ ಕಟಿಂಗ್ ಮಾಸ್ತರು ಬೆಳಗ್ಗೆ ಅಂಟಿಸುವುದಿತ್ತು. "ನಿನ್ನ ಹತ್ರ ಹಳೇದು ಏನಾದ್ರೂ ಇದೆಯೇನಯ್ಯ?" ಎಂದು ಯಜಮಾನರು ಕೇಳಿದಾಗ "ಒಂದೂ ಇಲ್ಲ ಸಾರ್" ಎಂದು ಇವನು ಹಸಿ ಸುಳ್ಳು ಹೇಳಿದ್ದ. ಈಗ ಹೆಂಡತಿಯೇ ಮಾವನನ್ನು ಒಯ್ದು ಕೊಟ್ಟುಬಿಟ್ಟಳಲ್ಲ!

ಊಟದ ಡಬ್ಬಿಯನ್ನೂ ಮರೆತು ಅವನು ಓಡಿದ.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಜಮಾನರ ಸೊಸೆ ಗೌನು ತೊಟ್ಟು, ಉಸಿರು ಬಿಗಿಹಿಡಿದು ನಿಂತಿದ್ದಳು. ಟೇಪಣ್ಣ ಜನರ ನಡುವೆ ನುಸುಳಿ ಹಿಂದಿನಿಂದ ನೋಡಿದ. ಸೊಂಟದ ಬಳಿಯ ಹೊಸ ನೆರಿಗೆಯಲ್ಲಿ ಕೋಟು ತೊಟ್ಟ ಒಬ್ಬ ಮನುಷ್ಯ! ಮುಖ ಮಡಿಕೆಯಲ್ಲಿ ಹುದುಗಿತ್ತು.

"ಒಂದ್ನಿಮಿಷ ಮೇಡಂ, ದಾರ ಬಿಟ್ಟಿದೆ," ಎಂದು ಉಗುರು ತೂರಿಸಿದ.

"ಅದನ್ನ ಅಂಟಿಸಿದ್ದು ನಾನು. ದಾರ ಎಲ್ಲಿಂದ ಬಂತೋ?" ಎಂದರು ಮಾಸ್ತರು.

ಅಷ್ಟರಲ್ಲಿ ಯಾರೋ ಅತಿಥಿಗಳು ಬಂದರೆಂದು ಸೊಸೆ ಒಂದು ಹೆಜ್ಜೆ ಮುಂದಿಟ್ಟಳು. ಪರ್ರ್ ಎಂದು ಸೊಂಟದಿಂದ ಮೊಣಕಾಲಿನವರೆಗೆ ಕಾಗದ ಹರಿದು ಟೇಪಣ್ಣನ ಕೈಗೆ ಬಂತು. ಒಳಗೆ ಅಸ್ತರಿಯ ಬಟ್ಟೆ ಇದ್ದದ್ದರಿಂದ ಮಾನ ಉಳಿಯಿತು. ಕೈಯಲ್ಲಿದ್ದ ಚೂರನ್ನು ಬಿಡಿಸಿ ನೋಡಿದರೆ, ಯಾವನೋ ಹುರಿಮೀಸೆಯವನು ನಗುತ್ತಿದ್ದ. ಅಪ್ಪನಲ್ಲ. ಆ ಗಳಿಗೆಯಲ್ಲಿ ಟೇಪಣ್ಣನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಏನಯ್ಯ ಇದು?" ಯಜಮಾನರು ಹಲ್ಲು ಕಡಿದರು. "ಹತ್ತು ನಿಮಿಷದಲ್ಲಿ ಸರಿ ಮಾಡಿದ್ಯೋ ಸರಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಸೊಸೆಯನ್ನು ಪರದೆಯ ಹಿಂದೆ ನಿಲ್ಲಿಸಿದರು. ಹೊಸ ಪತ್ರಿಕೆ ಅಂಟಿಸಿದರೆ ಬಿಳಿ ತೇಪೆ ಎದ್ದು ಕಾಣುತ್ತದೆ, ಹಳೆಯದೆಲ್ಲ ಮುಗಿದಿತ್ತು. ಮಾಸ್ತರು ಹಿಂದಿನ ಕೋಣೆಗೆ ಓಡಿಹೋಗಿ, ಹಳದಿಗಟ್ಟಿದ ಹಾಳೆಯೊಂದನ್ನು ಹಿಡಿದು ಓಡಿಬಂದರು. "ಸಿಕ್ತು ಕಣೋ! ಯಾರೋ ಗಿರಾಕಿ ಚೀಲದಲ್ಲಿ ತಂದಿಟ್ಟು ಹೋಗಿದಾರೆ."

ಬಟ್ಟೆಯ ಮುಖ ಕೆಳಗೆ ಮಾಡಿ ಹಾಸು, ಬೆನ್ನಿನ ಮೇಲೆ ಗುರುತು ಹಾಕು, ಮುಖಕ್ಕೆ ಸೀಮೆಸುಣ್ಣ ತಾಕಿಸಬೇಡ. ಇದು ಅಪ್ಪ ಕಲಿಸಿದ ಮೊದಲ ಪಾಠ. ಕೈಗೆ ಹತ್ತಿದ ಅಭ್ಯಾಸ ಕಾಗದವೆಂದು ಬಿಟ್ಟೀತೆ? ಟೇಪಣ್ಣ ಗಡಿಯಾರದ ಮೇಲೆ ಕಣ್ಣಿಟ್ಟೇ ಚಿತ್ರದ ಬದಿಯನ್ನು ಕೆಳಗೆ ಮಾಡಿ ಹಾಸಿದ. ಮೇಲೆ ಕಂಡದ್ದು ಕಳೆದುಹೋದ ಛತ್ರಿಯ ಬಗ್ಗೆ ಯಾರದೋ ಪ್ರಕಟಣೆ. ಅಳತೆ ಹಿಡಿದ, ಹೊಲಿಗೆಗೆಂದು ಅರ್ಧ ಇಂಚು ಬಿಟ್ಟ, ಕತ್ತರಿಸಿದ. ಸೊಂಟದ ತಿರುವಿನಲ್ಲಿ ಅಂಚು ಬಾಗಲೆಂದು ಆ ಅರ್ಧ ಇಂಚಿಗೆ ಸಣ್ಣ ಸಣ್ಣ ಸೀಳು ಕೊಟ್ಟ. ಅಂಟು ಬಳಿದು ಅಂಚನ್ನು ಒಳಕ್ಕೆ ಮಡಚಿ, ತೇಪೆಯನ್ನು ಗೌನಿಗೆ ಒತ್ತಿದ. ಮತ್ತೊಂದು ಕೋಟು ಕಂಡಿತು. ಗೌನಿನ ತುಂಬ ಕೋಟುಗಳೇ ಇದ್ದವು, ಇವನು ಯಾವುದನ್ನೆಂದು ನೋಡುತ್ತಾನೆ!

ಹನ್ನೊಂದಕ್ಕೆ ಸರಿಯಾಗಿ ಬಾಗಿಲು ತೆರೆಯಿತು, ಚಪ್ಪಾಳೆ ಬಿತ್ತು. ಟೇಪಣ್ಣ ಬೆವರು ಒರೆಸಿಕೊಳ್ಳುವಾಗ ಹೆಂಡತಿ ಚೀಲ ಹಿಡಿದು ಬಂದಳು.

"ಏನ್ರೀ, ಡಬ್ಬಿ ಬಿಟ್ಟು ಬಂದಿದ್ರಲ್ಲ. ಚೀಲ ಹಿಂದಿನ ಕೋಣೇಲಿ ನಿಮ್ಮ ಮೇಜಿನ ಮೇಲಿಟ್ಟು ಗೌನು ನೋಡೋಕೆ ಬಂದೆ. ಈಗ ನೋಡಿದ್ರೆ ಡಬ್ಬಿ ಇದೆ, ಮಾವನ ಪೇಪರಿಲ್ಲ!"

"ಅದನ್ನ ಅಂಗಡಿಗೆ ಕೊಟ್ಟೆಯಲ್ಲ?"

"ನಾನ್ಯಾಕೆ ಕೊಡ್ಲಿ? ನೀವಂತೂ ಮಾಡಿಸಲ್ಲ, ನಾನೇ ಕಾಪಿ ಮಾಡಿಸೋಣ ಅಂತ ಸ್ಟುಡಿಯೋಗೆ ಹೋಗಿದ್ದೆ. ಬಾಗಿಲು ತೆಗೆದಿರ್ಲಿಲ್ಲ. ಸಂಜೆ ಹೋದ್ರಾಯ್ತು ಅಂತ ವಾಪಸ್ ತಂದೆ."

ಟೇಪಣ್ಣ ನಿಧಾನವಾಗಿ ತಿರುಗಿದ. ಸೊಸೆ ಎಲ್ಲರಿಗೂ ಕೈಮುಗಿಯುತ್ತಿದ್ದಳು. ಅವಳ ಸೊಂಟದ ಬಳಿ ಅಪ್ಪನ ಕೋಟು ಒಂದು ಸುಕ್ಕೂ ಇಲ್ಲದೆ ಕೂತಿತ್ತು. ಕೆಳಗೆ, ಈ ಕೋಟು ತೊಟ್ಟವರನ್ನು ಯಾರೂ ಮರೆಯಲಾರರು. ಕೊರಳಪಟ್ಟಿಯ ಮೇಲೆ ಮುಖವಿರಬೇಕಾದಲ್ಲಿ, ಪಕ್ಕದ ಹಾಳೆಯ ಜಾಹೀರಾತಿನ ದಿಂಬು. ಮುಖ ಆ ಅರ್ಧ ಇಂಚಿನಲ್ಲಿತ್ತು. ಅದನ್ನು ಸೀಳಿ, ಅಂಟು ಬಳಿದು, ಒಳಕ್ಕೆ ಮಡಚಿದ್ದು ತಾನೇ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ಸ್ಟುಡಿಯೋದ ಮೆಟ್ಟಿಲು ಹತ್ತಿದ್ದರೆ ಸಾಕಿತ್ತು.

ಯಜಮಾನರು ಬೆನ್ನು ತಟ್ಟಿದರು. "ಭೇಷ್! ತೇಪೆ ಎಲ್ಲಿದೆ ಅಂತ ಗೊತ್ತೇ ಆಗಲ್ಲ. ನಿಮ್ಮಪ್ಪನ ಕೈ ಕಣಯ್ಯ ನಿಂದು. ಈ ಗೌನು ಇನ್ನು ಗಾಜಿನ ಪೆಟ್ಟಿಗೇಲೇ ಇರುತ್ತೆ, ಯಾರೂ ಮುಟ್ಟೋ ಹಾಗಿಲ್ಲ."

ಸಂಜೆ ಮನೆಗೆ ಬಂದಾಗ ಅಮ್ಮ ಬಾಗಿಲಿಗೆ ಮುಖ ಮಾಡಿಯೇ ಕುಳಿತಿದ್ದರು.

"ಬೆಳಗ್ಗೆಯಿಂದ ಕಾಯ್ತಿದೀನಿ. ನಿಮ್ಮಪ್ಪ ಎಲ್ಲೋ?"

"ಅಂಗಡಿಗೆ ಹೋಗಿದಾರಮ್ಮ."

"ಕೋಟು ಹಾಕ್ಕೊಂಡಾ?"

"ಹೂಂ."

"ಬರೋದು ಯಾವಾಗಂತೆ?"

ಟೇಪಣ್ಣ ಕೊರಳಿನ ಟೇಪು ತೆಗೆದು, ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

"ನಾಳೆ," ಎಂದ.