ನಮ್ಮ ಮನಿಯವ್ರ ಸ್ಟೇಟಸ್ಸು, ಮಗಳ ಸಂಬಂಧ

ನಮ್ಮ ಮನಿಯವ್ರ ಕೈಯಾಗ ಮೊಬೈಲ್ ಇರೂತನಕ ಇಂಥಾವು ಆಗ್ತಾನ ಇರ್ತಾವ, ನಾ ಬಾಯಿ ಬಡ್ಕೊಳ್ಳೂದೂ ಇದ್ದದ್ದ. ಕಾಗದದ ಮಿಲ್ಲಿನ್ಯಾಗ ಅವರ ಕೆಲಸ, ದಾಂಡೇಲಿ ಲೈನ್ ಮನ್ಯಾಗ ನಮ್ಮ ಸಂಸಾರ. ಡ್ಯೂಟಿಗೆ ಹೋದ್ರ ಸ್ಟೇಟಸ್, ಬಂದ್ರ ಸ್ಟೇಟಸ್. ನೆಗಡಿ ಬಂದ್ರ ಮೂಗಿನ ಫೋಟೋ. "ಏನ್ರೀ ಇದು ಅಸಹ್ಯ?" ಅಂದ್ರ, "ನಾಕ್ ಮಂದಿ ಕಾಳಜಿ ಮಾಡ್ತಾರ, ಬಿಡ" ಅಂತಾರ.

ಅತ್ತಿವೇರಿಗೆ ಹೋದಾಗ

ಮೊದ್ಲ ಒಂದು ಹಳೇದು ಹೇಳ್ತೇನಿ, ಅವರ ಗುಣ ನಿಮಗ ತಿಳೀಲಿ. ಒಂದು ರವಿವಾರ ಮುಂಡಗೋಡ ಕಡೆ ಅತ್ತಿವೇರಿಗೆ ಹಕ್ಕಿ ನೋಡಾಕ ಹೊಂಟಿದ್ವಿ. ಹಾಲಿನವಗ ತಿಳೀಲಿ ಅಂತ ಇವರು ಸ್ಟೇಟಸ್ ಹಾಕಿದ್ರು: "ನಾವು ಅತ್ತಿವೇರಿಗೆ ಹೊಂಟೇವಿ. ಕೀಲಿಕೈ ಚಪ್ಪಲ್ ಗೂಡಿನ ಹಿಂದ ಐತಿ. ಹಾಲು ಫ್ರಿಜ್ಜಿನ್ಯಾಗ ಇಡು." ಹಾಲಿನವ ಒಬ್ಬಗ ಮೆಸೇಜ್ ಹಾಕಿದ್ರ ಆಗ್ತಿದ್ದಿಲ್ಲೇನು? ಊರಿಗೆಲ್ಲ ಡಂಗುರ ಸಾರಿದ್ರು.

ಸಂಜೀಕ ತಿರುಗಿ ಬಂದು ನೋಡಿದ್ರ ಬಾಗಲಾ ಪೂರಾ ತಗದಿತ್ತು. "ಅಯ್ಯ ಶಿವನ, ಕಳ್ಳರು!" ಅಂದೆ. ಒಳಗ ನೋಡಿದ್ರ ಮುಂಡಗೋಡದ ನಮ್ಮ ನಾದಿನಿ, ಗಂಡ ಮಕ್ಕಳ ಸಮೇತ ಕುಂತು ಚಾ ಕುಡ್ಯಾಕತ್ತಾಳ.

"ನಮ್ಮೂರ ಕಡೆ ಬಂದ್ರೂ ನೀವು ನಮ್ಮ ಮನಿಗೆ ಬರಾಂಗಿಲ್ಲಂತ ಸ್ಟೇಟಸ್ಸಿನ್ಯಾಗ ಗೊತ್ತಾತು ವೈನಿ" ಅಂದ್ಲು. "ಅದಕ್ಕ ನಾವರ ನಿಮ್ಮ ಮನಿಗೆ ಹೋಗೂಣು ಅಂತ ಬಂದ್ವಿ. ಅಂದಂಗ, ಹಾಲು ಮುಗದಾವ ನೋಡ್ರಿ."

ಆಣಿ ಹಾಕಿಸಿದ್ದು

ಇಂಥಾ ಮನಷ್ಯಾನ ಮಗಳಿಗೆ ಹಳಿಯಾಳದಿಂದ ಸಂಬಂಧ ಬಂತು. ಹುಡುಗ ಸೂಪಾದ ಕಡೆ ಇಲೆಕ್ಟ್ರಿಕ್ ಕೆಲಸಕ್ಕ ಅದಾನ. ಫೋನಿನ್ಯಾಗ ಮಾತಾಡಿ ಮಗಳ ಮನಸು ಕುಂತ ಬಿಟ್ಟಿತ್ತು. "ಅವ್ವಾ, ಇದೊಂದು ಕೆಡಬಾರದು ನೋಡ" ಅಂದ್ಲು. ಮಾತು ಪಕ್ಕಾ ಆಗೂತನಕ ನಾಕ್ ಮಂದಿ ಕಿವಿಗೆ ಬೀಳಬಾರದು, ಅದು ನಮ್ಮ ಕಡೆ ಪದ್ಧತಿ. ಇವರ ಕೈ ಹಿಡದು ಆಣಿ ಹಾಕಿಸ್ಕೊಂಡೆ.

"ಹುಚ್ಚಿ, ನಾ ಯಾಕ ಹೇಳ್ಲಿ?" ಅಂದ್ರು.

ಕನ್ಯಾ ನೋಡಾಕ ಬರೂ ದಿನ ಬಾಜೂ ಮನಿ ಭಾಭಿ ಕುರ್ಚಿ ಹೊತ್ಕೊಂಡು ಬಂದ್ಲು. ಆಕಿ ಗಂಡಂದು ಗ್ಯಾರೇಜ್ ಐತಿ. "ಅಕ್ಕಾ, ಹಳಿಯಾಳ ಮೆಹಮಾನ್ ಬರಾಕತ್ತಾರಂತಲ್ಲ, ನಿಮ್ಮನ್ಯಾಗ ಕುರ್ಚಿ ಕಮ್ಮಿ ಬೀಳ್ತಾವ."

"ಯಾರ ಹೇಳಿದ್ರು ನಿನಗ?"

ಆಕಿ ಮೊಬೈಲ್ ಹಿಡದು ತೋರಿಸಿದ್ಲು. ಹೊಸಾ ಸೀರ್ಯಾಗ ನಮ್ಮ ಮಗಳ ಫೋಟೋ. ಕೆಳಗ ನಮ್ಮ ಮನಿಯವ್ರು ಬರದಿದ್ರು: "ಇವತ್ತ ಹಳಿಯಾಳದ ಖಾಸ್ ಮಂದಿ ಬರ್ತಾರ. ಯಾಕಂತ ಯಾರೂ ಕೇಳಬ್ಯಾಡ್ರಿ, ಹೆಂಡತಿ ಆಣಿ ಹಾಕಿಸ್ಯಾಳ."

ಶಿರಾ

ಗಂಡಿನ ಕಡೆಯವ್ರು ಬಂದು ಕುಂತ್ರು. ಬೀಗರು, ಅಂದ್ರ ಹುಡುಗನ ಅಪ್ಪ, ತಲಿ ಬಗ್ಗಿಸಿ ಮೊಬೈಲ್ ಒತ್ತಾಕತ್ತಿದ್ರು. ಬೀಗತಿ ಮಾತ್ರ ಭಾಳ ಬಿಗಿ. ಶಿರಾ ಬಾಯಾಗ ಇಟ್ಕೊಂಡು, "ಯಾರ ಮಾಡ್ಯಾರ್ರಿ?" ಅಂದ್ರು.

ಇಂಥಲ್ಲೆ ಎಲ್ಲಾರೂ ಹೇಳೂದನ್ನ ನಾನೂ ಹೇಳಿದೆ: "ಮಗಳ ಮಾಡ್ಯಾಳ್ರಿ."

"ಹೌದೇನ್ರಿ? ನಿಮ್ಮ ಯಜಮಾನ್ರ ಸ್ಟೇಟಸ್ಸಿನ್ಯಾಗ ನೀವ ಶಿರಾ ತಿರವ್ಯಾಡಾಕತ್ತಿದ್ರಿ. 'ಮಗಳಿನ್ನೂ ಎದ್ದಿಲ್ಲ' ಅಂತ ಬರದಿದ್ರು."

ನೆಲ ಬಾಯಿ ಬಿಟ್ಟು ನನ್ನ ನುಂಗಬಾರದ ಅನಸ್ತು. ಇವರು ಸೂರು ನೋಡಾಕತ್ರು. ಅಷ್ಟ್ರಾಗ ಮಗಳು, "ನನಗ ಶಿರಾ ಮಾಡಾಕ ಬರಾಂಗಿಲ್ರಿ. ಚಾ ನಾ ಮಾಡೇನಿ" ಅಂದ್ಲು.

ಬೀಗತಿ ಚಾ ಕುಡದು, ಬೀಗರ ಕಿವ್ಯಾಗ ಏನೋ ಅಂದು, ಕಪ್ಪು ಕೆಳಗಿಟ್ರು. "ಆತ್ರಿ. ಮನಿಗೆ ಹೋಗಿ ತಿಳಸ್ತೇವಿ."

ಆ ಮಾತಿನ ಅರ್ಥ ಹೆಣ್ಣು ಹೆತ್ತಾವ್ರಿಗೆ ಗೊತ್ತು. ಮಗಳ ಕಣ್ಣಾಗ ನೀರು ಬಂತು. ನನಗ ಇವರನ್ನ ಮೊಬೈಲ್ ಸಮೇತ ಕಾಳಿ ನದಿಗೆ ಒಗಿಬೇಕು ಅನ್ನೂವಷ್ಟು ಸಿಟ್ಟು. ಈ ಪುಣ್ಯಾತ್ಮ ಆಗ್ಲೂ ಮೊಬೈಲ್ ತಗದ್ರು. ನೋಡಿದ್ರು, ಕಣ್ಣು ಅಗಲ ಮಾಡಿದ್ರು, ಟಕಟಕ ಏನೋ ಒತ್ತಿದ್ರು. ಆಮ್ಯಾಲೆ ಮೊಬೈಲ್ ನನ್ನ ಕಡೆ ಹಿಡಿದ್ರು.

ಎದುರು ಕುಂತ ಬೀಗರ ಸ್ಟೇಟಸ್ ಅದು! ಖಾಲಿ ಶಿರಾ ಪ್ಲೇಟಿನ ಫೋಟೋ, ಕೆಳಗ: "ಹುಡುಗಿ ಪಸಂದ. ಖರೇ ಮಾತಾಡ್ತಾಳಂತ ನಮ್ಮಾಕಿಗೂ ಭಾಳ ಸೇರ್ಯಾಳ. ಆದ್ರ ಈಗ ಹೌದು ಅನ್ನಬಾರದಂತ, ಮನಿಗೆ ಹೋಗಿ ತಿಳಸ್ತೇವಿ ಅನ್ನಬೇಕಂತ."

ನಾ ಸೆರಗು ಬಾಯಿಗೆ ತುರುಕ್ಕೊಂಡೆ. "ಯಾಕ ನಗಾಕತ್ತೀರಿ?" ಅಂತ ಬೀಗತಿ ಹುಬ್ಬು ಗಂಟ ಹಾಕಿದ್ರು. ನಾ ಏನರ ಹೇಳೂದ್ರಾಗ ಬಾಗಲಾ ದೂಡ್ಕೊಂಡು ಭಾಭಿ ಬಂದ್ಲು. ಬೆನ್ನ ಹಿಂದ ಇಡೀ ಲೈನಿನ ಹೆಂಗಸರು. ಇವರು ಬೀಗರ ಸ್ಟೇಟಸ್ಸನ್ನ ತಮ್ಮ ಸ್ಟೇಟಸ್ಸಿಗೆ ಹಾಕಿ ಬಿಟ್ಟಿದ್ರು!

"ಮುಬಾರಕ್ ಹೋ!" ಅಂತ ಭಾಭಿ ಸೀದಾ ಬೀಗತಿ ಬಾಯಾಗ ಮುಟಗಿ ಸಕ್ಕರಿ ಹಾಕಿದ್ಲು.

ಬೀಗತಿ ಸಕ್ಕರಿ ತುಂಬಿದ ಬಾಯಾಗ ಒದರಿದ್ರು: "ತಡೀರಿ, ತಡೀರಿ! ನಾವಿನ್ನೂ ಮನಿಗೇ ಹೋಗಿಲ್ಲ!"